ನೀರು ತುಂಬುವ ಹಬ್ಬ: ತುಂಬುವುದೋ, ತುಂಬಿಸುವುದೋ?

ಪ್ರಶ್ನೆ: ದೀಪಾವಳಿಯ ಮೊದಲ ಸಂಜೆಗೆ ‘ನೀರು ತುಂಬುವ ಹಬ್ಬ’ ಎನ್ನುತ್ತೇವೆ. ನೀರು ತಾನಾಗಿ ತುಂಬಿಕೊಳ್ಳುವುದಿಲ್ಲವಲ್ಲ, ‘ತುಂಬಿಸುವ ಹಬ್ಬ’ ಎನ್ನಬೇಡವೇ? ಮರುದಿನದ ‘ಅಭ್ಯಂಜನ ಸ್ನಾನ’ ದ್ವಿರುಕ್ತಿಯಲ್ಲವೇ?

ಉತ್ತರ: ಎರಡೂ ಸರಿಯಾದ ಪ್ರಯೋಗಗಳೇ, ತಿದ್ದಬೇಡಿ.

‘ತುಂಬು’ ಅಕರ್ಮಕವೂ ಹೌದು, ಸಕರ್ಮಕವೂ ಹೌದು. ‘ಕೆರೆ ತುಂಬಿತು’ ಅಕರ್ಮಕ. ‘ಉಡಿ ತುಂಬಿದರು’, ‘ಚೀಲಕ್ಕೆ ರಾಗಿ ತುಂಬಿದರು’ ಸಕರ್ಮಕ. ಇಲ್ಲೊಂದು ಸೊಗಸಿದೆ. ಉಡಿ ತುಂಬಿಸಿಕೊಳ್ಳುವ ಜಾಗ, ರಾಗಿ ಒಳಗೆ ಹೋಗುವ ವಸ್ತು; ಒಂದೇ ಕ್ರಿಯಾಪದ ಎರಡನ್ನೂ ಕರ್ಮವಾಗಿ ಒಪ್ಪುತ್ತದೆ. ಹಬ್ಬದ ಹೆಸರಿನಲ್ಲಿ ನೀರು ಕರ್ಮ, ‘ಅನ್ನು’ ಪ್ರತ್ಯಯ ಲೋಪವಾಗಿದೆ, ಹಂಡೆಯನ್ನು ಹೇಳದೆಯೇ ಬಿಟ್ಟಿದೆ.

ಆದರೆ ಆ ಸಂಜೆ ನಿಜವಾದ ಕೆಲಸವೆಲ್ಲ ಹಂಡೆಯದೇ. ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಆಮೇಲೆ ನೀರು ತುಂಬುತ್ತಾರೆ. ಜಿಡ್ಡು ಉಳಿದಿದ್ದರೆ ಸುಣ್ಣ ಹಿಡಿಯದು. ಪಟ್ಟೆ ಒಣಗುವ ಮೊದಲೇ ನೀರು ಸುರಿದರೆ ತುಳುಕಿದ ನೀರಿಗೆ ಎರಡೂ ಬಣ್ಣ ಕಲಸಿಹೋಗುತ್ತವೆ.

ಇನ್ನು ಅಭ್ಯಂಜನ. ‘ಅಂಜ್’ ಎಂದರೆ ಬಳಿಯುವುದು, ಲೇಪಿಸುವುದು. ಕಣ್ಣಿನ ಅಂಜನವೂ ಇದೇ ಧಾತುವಿನದು. ಅದಕ್ಕೆ ‘ಅಭಿ’ ಸೇರಿ ಅಭ್ಯಂಜನ, ಅಭ್ಯಂಗ ಎರಡೂ ಆದವು. ಅರ್ಥ ಮೈಗೆ ಎಣ್ಣೆ ಹಚ್ಚುವುದು, ಅಷ್ಟೇ. ಸ್ನಾನ ಅದರ ನಂತರದ್ದು: ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಸೀಗೆಪುಡಿಯಿಂದ ಜಿಡ್ಡು ತೆಗೆದು ಬಿಸಿನೀರು ಹುಯ್ದುಕೊಳ್ಳುವುದು. ಹಾಗಾಗಿ ದ್ವಿರುಕ್ತಿಯಿಲ್ಲ. ಬರಿಯ ತಲೆಸ್ನಾನಕ್ಕೆ ‘ಅಭ್ಯಂಜನ’ ಎಂದು ಬರೆಯುತ್ತಿರುವುದೇ ತಪ್ಪು. ನಮ್ಮ ‘ಎಣ್ಣೆನೀರು’ ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟಿದೆ. ಈ ಪದ ಇನ್ನಷ್ಟು ಬಳಕೆಗೆ ಬರಲಿ.

ತಿಥಿಯ ಬಗ್ಗೆ ಒಂದು ಮಾತು. ನಮ್ಮ ಪಂಚಾಂಗದಲ್ಲಿ ನರಕ ಚತುರ್ದಶಿ ಆಶ್ವಯುಜ ಬಹುಳದ್ದು. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ಅದೇ ದಿನ ಅವರಿಗೆ ಕಾರ್ತಿಕ ಕೃಷ್ಣ ಚತುರ್ದಶಿ. ಹಿಂದಿಯಿಂದ ಅನುವಾದಿಸುವವರು ಎಡವುವುದು ಇಲ್ಲೇ. ನೀರು ತುಂಬುವ ದಿನ ಗೊತ್ತುಮಾಡುವಾಗಲೂ ತ್ರಯೋದಶಿಯನ್ನು ಹುಡುಕುವುದಕ್ಕಿಂತ, ಬೆಳಗಿನ ಜಾವದ ಎಣ್ಣೆನೀರು ಯಾವತ್ತೆಂದು ನೋಡಿಕೊಂಡು ಅದರ ಹಿಂದಿನ ಸಂಜೆಯನ್ನು ಹಿಡಿಯಿರಿ.