ಕಡಿಮೆ ದುಡ್ಡಿನ ಸಿನಿಮಾ ‘ಪೈ’ ಇಷ್ಟು ಹೆದರಿಸಿದ್ದು ಹೇಗೆ?

ನಿನ್ನೆ ರಾತ್ರಿ ಜಯನಗರದ ರೂಮಲ್ಲಿ ಒಬ್ಬನೇ ಕೂತು ಡ್ಯಾರೆನ್ ಅರನಾಫ್ಸ್ಕಿಯ ‘ಪೈ’ (1998) ನೋಡಿದೆ. ಷೇರು ಪೇಟೆಯ ಏರಿಳಿತದ ಹಿಂದೆ ಒಂದು ಲೆಕ್ಕ ಇದ್ದೇ ಇದೆ ಅಂತ ಹಟ ಹಿಡಿದ ಮ್ಯಾಕ್ಸ್, ಅವನ ತಲೆನೋವು, ಅವನ ಕಂಪ್ಯೂಟರ್ ಉಗುಳುವ ಆ 216 ಅಂಕಿಯ ಸಂಖ್ಯೆ, ಎಲ್ಲ ಸೇರಿ ನಿದ್ದೆಯೇ ಬರಲಿಲ್ಲ. ಹೇಗೆ ಮಾಡಿದರು ಇದನ್ನ?

ಉತ್ತರ 1: ಕಪ್ಪು-ಬಿಳುಪು ರಿವರ್ಸಲ್ ಫಿಲ್ಮ್ (ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರ ಮೂಡುವ ಫಿಲ್ಮ್). ಬೂದು ಬಣ್ಣ ಕಡಿಮೆ, ಕತ್ತಲೆ ಜಾಸ್ತಿ. ಕೆಲವು ಕಡೆ ಕ್ಯಾಮೆರಾವನ್ನು ನಟನ ಮೈಗೇ ಕಟ್ಟಿದ್ದಾರೆ, ಅದಕ್ಕೇ ಅವನ ಮುಖ ನಿಂತಲ್ಲೇ ಇರುತ್ತದೆ, ಹಿಂದಿನ ಬೀದಿ ಮಾತ್ರ ತೂರಾಡುತ್ತದೆ.

ಉತ್ತರ 2: ಚಿತ್ರೀಕರಣದ ಬಜೆಟ್ ಸುಮಾರು 60 ಸಾವಿರ ಡಾಲರ್ ಅಷ್ಟೇ! ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯೂ ಬಂತು. ನನಗೆ ಮಾತ್ರ ಮ್ಯಾಕ್ಸ್ ತನ್ನ ಗುರು ಸೋಲ್ ಜೊತೆ ‘ಗೋ’ (ಕಪ್ಪು-ಬಿಳಿ ಕಾಯಿಗಳ ಮಣೆ ಆಟ) ಆಡುವ ದೃಶ್ಯಗಳೇ ಇಷ್ಟ. ಅಲ್ಲಿ ಪ್ರೀತಿ ಇದೆ ಅಲ್ವಾ?

ಉತ್ತರ 3: ಕ್ಲಿಂಟ್ ಮ್ಯಾನ್ಸೆಲ್ ಸಂಗೀತ ಮರೀಬೇಡಿ. ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ನೋಡಿ.