ನರ್ಸಿಂಗ್ ವಿದ್ಯಾರ್ಥಿಗಳಿಗೆ 30 ಗಂಟೆಯ ಸ್ಪೋಕನ್ ಇಂಗ್ಲಿಷ್: ಉಚ್ಚಾರಣೆಯಲ್ಲಿ ಯಾವುದನ್ನು ಹಿಡಿಯೋದು, ಯಾವುದನ್ನು ಬಿಡೋದು?

ತುಂಗಾತೀರ (ಪ್ರಶ್ನೆ)

ಬಿಎಸ್‌ಸಿ ನರ್ಸಿಂಗ್ ಕೊನೇ ವರ್ಷದ 24 ವಿದ್ಯಾರ್ಥಿಗಳು. ಆರು ವಾರ, ವಾರಕ್ಕೆ ಐದು ಪೀರಿಯಡ್, ಒಟ್ಟು 30 ಗಂಟೆ. ಹೆಚ್ಚಿನವರು ಕನ್ನಡ ಮೀಡಿಯಂನಿಂದ ಬಂದವರು, ಆರು ಜನ ಮಲಯಾಳಿಗಳು. ಯುಕೆ, ಐರ್ಲೆಂಡ್, ಗಲ್ಫ್ ಕಡೆ ಹೋಗೋ ಯೋಚನೆ ಇರೋದರಿಂದ ಒಇಟಿ (ಆರೋಗ್ಯ ಕ್ಷೇತ್ರದವರಿಗೆ ಇರೋ ಇಂಗ್ಲಿಷ್ ಪರೀಕ್ಷೆ) ಬರೀತಾರೆ. ಓದು, ಬರಹ, ವ್ಯಾಕರಣ ತಕ್ಕಮಟ್ಟಿಗಿದೆ. ಮಾತಿಗೆ ಇಳಿದರೆ ಮಾತ್ರ ಹೊರಗಿನವರಿಗೆ ಅರ್ಥವಾಗಲ್ಲ.

ಕೇಳಬೇಕಾದ್ದು ಎರಡು. ಬ್ರಿಟಿಷ್ ಉಚ್ಚಾರಣೆಯೋ, ಅಮೆರಿಕನ್ನೋ? 'ಥ್ಯಾಂಕ್', 'ದಿಸ್' ಶುರುವಿನ ಸದ್ದಿಗೆ ನಾಲಗೆಯನ್ನು ಹಲ್ಲಿನ ನಡುವೆ ತರಿಸೋದಕ್ಕೇ ಎರಡು ವಾರ ಹೋಗುತ್ತೆ. ಅಷ್ಟು ಸಮಯ ಅದಕ್ಕೆ ಕೊಡಬೇಕಾ?

ಧ್ವನಿಪೆಟ್ಟಿಗೆ

ಬ್ರಿಟಿಷೂ ಬೇಡ, ಅಮೆರಿಕನ್ನೂ ಬೇಡ. ಇವರು ಹೋಗೋ ವಾರ್ಡಿನಲ್ಲಿ ಪಕ್ಕದ ನರ್ಸ್ ಫಿಲಿಪೀನ್ಸಿನವರು, ಡಾಕ್ಟರು ನೈಜೀರಿಯಾದವರು, ಮಂಚದ ಮೇಲಿನ ಅಜ್ಜ ಗ್ಲಾಸ್ಗೋದವರು ಇರಬಹುದು. ಈ ಮೂವರಿಗೂ ಒಂದೇ ಸಲಕ್ಕೆ ಅರ್ಥವಾದರೆ ಸಾಕು. 2000ರಲ್ಲಿ ಭಾಷಾಶಾಸ್ತ್ರಜ್ಞೆ ಜೆನಿಫರ್ ಜೆಂಕಿನ್ಸ್ 'ಲಿಂಗ್ವಾ ಫ್ರಾಂಕಾ ಕೋರ್' ಅಂತ ಒಂದು ಪಟ್ಟಿ ಮುಂದಿಟ್ಟರು. ಬೇರೆ ಬೇರೆ ತಾಯ್ನುಡಿಯವರು ಇಂಗ್ಲಿಷಿನಲ್ಲಿ ಮಾತಾಡುವಾಗ ಯಾವ ಸದ್ದು ತಪ್ಪಿದರೆ ಅರ್ಥ ಕೆಡುತ್ತೆ, ಯಾವುದು ತಪ್ಪಿದರೂ ನಡೆಯುತ್ತೆ ಅನ್ನೋದನ್ನು ಅದು ಬೇರ್ಪಡಿಸುತ್ತೆ. ನಿಮ್ಮ ಆ ಸದ್ದು 'ನಡೆಯುತ್ತೆ' ಕಡೆ ಇದೆ. ನಮಗಂತೂ ಇನ್ನೂ ಸಲೀಸು: 'ತ್ರೀ' ಅನ್ನೋಕೆ ಹಲ್ಲಿನ ತ, 'ಟ್ರೀ' ಅನ್ನೋಕೆ ಟ. ಎರಡೂ ನಮ್ಮ ಬಾಯಲ್ಲಿ ಬೇರೆ ಬೇರೆಯಾಗೇ ಇವೆ. ಆ ಎರಡು ವಾರ ಉಳಿಸಿ.

ಉಳಿದದ್ದನ್ನು ಇಲ್ಲಿ ಸುರಿಯಿರಿ:

ಪದದ ಮೊದಲಿನ ಪ, ಟ, ಕ. ನಮ್ಮ 'ಪ'ದಲ್ಲಿ ಉಸಿರು ಹೊರಡಲ್ಲ. ಅದೇ 'ಪ' ಹಾಕಿ 'ಪಿಲ್' ಅಂದರೆ ಹೊರಗಿನ ಕಿವಿಗೆ 'ಬಿಲ್' ಕೇಳುತ್ತೆ, 'ಕೋಟ್' ಹೋಗಿ 'ಗೋಟ್' ಆಗುತ್ತೆ. ಒಂದು ಬೆರಳಗಲದ ತೆಳು ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಹಿಡಿಸಿ. 'ಪಲ್ಯ' ಅಂದಾಗ ಕಾಗದ ಅಲುಗಬಾರದು, 'ಪೇನ್' ಅಂದಾಗ ಹಾರಬೇಕು. ಮಹಾಪ್ರಾಣ ನಮ್ಮಲ್ಲೇ ಇದೆಯಲ್ಲ ಅಂತ ಅನಿಸುತ್ತೆ, ಆದರೆ 'ಖಾರ'ವನ್ನು 'ಕಾರ' ಅನ್ನೋರೇ ಜಾಸ್ತಿ. 'ಫ' ಬರೆದುಕೊಟ್ಟರೆ ತುಟಿಗೆ ಹಲ್ಲು ಒತ್ತಿ 'ಫೇನ್' ಅಂತಾರೆ. ಅದಕ್ಕೇ 'ಪ್+ಹೇನ್' ಅಂತ ಒಡೆದು ಬರೆಸಿ. ಮುಂದೆ 'ಸ' ಇದ್ದರೆ ಉಸಿರು ಬೇಡ: ಸ್ಪೂನ್, ಸ್ಟೂಲ್, ಸ್ಕಿನ್ ನಮ್ಮ ಬಾಯಲ್ಲಿ ಇರೋ ಹಾಗೇ ಸರಿ.

ಪದ ಶುರುವಿನ ಯ, ವ. ಕನ್ನಡದಲ್ಲಿ 'ಎಲೆ' ಅನ್ನುವಾಗ 'ಯೆಲೆ', 'ಒಲೆ' ಅನ್ನುವಾಗ 'ವೊಲೆ' ಆಗೋದು ಸಹಜ. ಇಂಗ್ಲಿಷಿನಲ್ಲಿ 'ಇಯರ್' ಅನ್ನೋದು 'ಯಿಯರ್' ಆದರೆ ಕಿವಿ ಹೋಗಿ ವರ್ಷ ಆಯಿತು. ಒಂಟಿ ಪದವಾಗಿ ತಿದ್ದಬೇಡಿ, ಹಿಂದಿನ ಪದಕ್ಕೆ ಸಂಧಿ ಮಾಡಿಸಿ: 'ಯೋರ್ ಇಯರ್' ಅಲ್ಲ, 'ಯೋರಿಯರ್'. ಹಿಂದಿನ 'ರ್' ಬಂದು ಕೂತರೆ 'ಯ'ಗೆ ಜಾಗವೇ ಇರಲ್ಲ.

ಕೊನೆಯ 'ಉ'ಕಾರಕ್ಕೂ ಇದೇ ಮದ್ದು. ಬಸ್ಸು, ಬ್ಯಾಂಕು, ಬೆಡ್ಡು ಅಂತ ಸ್ವರ ಸೇರಿಸದೆ ನಮಗೆ ಪದ ಮುಗಿಯಲ್ಲ. 'ಚೆಕ್ಕು ಇಟ್ಟು' ಅನ್ನೋರಿಗೆ 'ಚೆಕಿಟ್' ಹೇಳಿಕೊಡಿ. ಸಂಧಿ ಅಂದ ತಕ್ಷಣ ಹೈಸ್ಕೂಲು ನೆನಪಾಗಿ ನಗ್ತಾರೆ, ಬೇಗ ಹಿಡೀತಾರೆ. ಮುಂದೆ ಸ್ವರ ಬರೋ ಜಾಗದಲ್ಲಿ ಸರಿಹೋದ ಮೇಲೆ 'ಚೆಕ್ ದಿಸ್' ಥರದ್ದಕ್ಕೆ ಹೋಗಿ.

ಎರಡು 'ವ' ಇನ್ನೊಂದು. ರಕ್ತನಾಳದ 'ವೇನ್', ಕ್ಷೀಣಿಸು ಅನ್ನೋ 'ವೇನ್' ಕನ್ನಡ ಲಿಪಿಯಲ್ಲಿ ಒಂದೇ. ನೋಡಿ, ಇಲ್ಲೂ ಬೇರೆ ಮಾಡಿ ಬರೆಯೋಕಾಗಲಿಲ್ಲ! ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗುಂಯ್ ಅನ್ನಬೇಕು. ಎರಡನೆಯದಕ್ಕೆ ಹಲ್ಲು ತಾಗಲೇಬಾರದು, 'ಊ' ಅನ್ನೋ ಹಾಗೆ ತುಟಿ ಗುಂಡಗೆ ಮಾಡಿ ಜಾರಬೇಕು: 'ಉ+ಏನ್'. ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ಮಾಡಿಸಿದರೆ ತಪ್ಪು ಅವರ ಕಣ್ಣಿಗೇ ಕಾಣುತ್ತೆ.

'ಐಸ್' ಪದ ನೋಡಿ. ಮಂಜುಗಡ್ಡೆಯೂ ಐಸ್, ಕಣ್ಣುಗಳೂ ಐಸ್ ಅಂತಲೇ ಹೇಳ್ತಾರೆ. ಕಣ್ಣಿನದಕ್ಕೆ 'ಐ' ಎಳೀಬೇಕು, ಕೊನೆಗೆ ಜೇನಿನ ಹುಳು ಗುಂಯ್‌ಗುಟ್ಟುವ ಸದ್ದು. ಮಂಜುಗಡ್ಡೆಗೆ 'ಐ' ಚುಟುಕು. ಕೊನೆಯ ಆ ಗುಂಯ್ ಬರದವರೂ ಸ್ವರದ ಉದ್ದ ಸರಿಯಾಗಿ ಹಿಡಿದರೆ ಕೇಳೋರಿಗೆ ಗೊತ್ತಾಗುತ್ತೆ. ಸೀಟ್-ಸೀಡ್, ಬ್ಯಾಕ್-ಬ್ಯಾಗ್ ಜೋಡಿಗಳಿಗೂ ಇದೇ: ಟ, ಕ, ಸ ಹಿಂದೆ ಸ್ವರ ಗಿಡ್ಡ, ಡ, ಗ ಹಿಂದೆ ಉದ್ದ.

ಇದಕ್ಕಿಂತ ಮುಖ್ಯ ವಾಕ್ಯದೊಳಗಿನ ಒತ್ತು. ನಾವು 'ಏ' ಪ್ರತ್ಯಯ ಹಚ್ಚಿ ಮಾಡೋ ಕೆಲಸವನ್ನು ಇಂಗ್ಲಿಷ್ ದನಿಯಿಂದ ಮಾಡುತ್ತೆ. 'ಎರಡೇ ಮಾತ್ರೆ ಊಟಕ್ಕೆ ಮುಂಚೆ ತಗೊಳ್ಳಿ', 'ಎರಡು ಮಾತ್ರೆ ಊಟಕ್ಕೆ ಮುಂಚೇನೇ ತಗೊಳ್ಳಿ'. ಇಂಗ್ಲಿಷಿನಲ್ಲಿ ಎರಡಕ್ಕೂ ಪದಗಳು ಅವೇ: 'ಟೇಕ್ ಟೂ ಟ್ಯಾಬ್ಲೆಟ್ಸ್ ಬಿಫೋರ್ ಫುಡ್'. ಮೊದಲನೆಯದರಲ್ಲಿ 'ಟೂ' ಮೇಲೆ ದನಿ ಏರಿ ಎಳೀಬೇಕು, ಎರಡನೆಯದರಲ್ಲಿ 'ಬಿಫೋರ್' ಮೇಲೆ. ನಮ್ಮವರು ದನಿ ಸಪಾಟಾಗಿ ಬಿಟ್ಟು 'ಬಿಫೋರ್ ಫುಡ್ ಓನ್ಲಿ' ಅಂತ 'ಏ'ಕಾರವನ್ನು ಅನುವಾದ ಮಾಡಿಬಿಡ್ತಾರೆ. 'ಟುಡೇ ಇಟ್‌ಸೆಲ್ಫ್' ಹುಟ್ಟಿದ್ದೂ ಹೀಗೇ. ಮೊದಲು ಕನ್ನಡದಲ್ಲಿ ಹೇಳಿಸಿ, 'ಏ' ಎಲ್ಲಿ ಬಿತ್ತು ಅಂತ ಕೇಳಿ, ಆ ಪದಕ್ಕೆ ಇಂಗ್ಲಿಷಿನಲ್ಲಿ ಗೆರೆ ಎಳೆಸಿ, ಆಮೇಲೆ ಓದಿಸಿ. ಇದೊಂದಕ್ಕೇ ಆರೇಳು ಗಂಟೆ ಕೊಟ್ಟರೂ ದಂಡವಲ್ಲ.

ಹುಬ್ಬಳ್ಳಿ ಮಾಸ್ತರ

ಮ್ಯಾಲಿನವರು ಹೇಳಿದ್ದು ಬರೋಬ್ಬರಿ ಅದ, ಒಂದು ತಕರಾರು ಬಿಟ್ಟು. ಆ ಕೋರ್ ಪಟ್ಟಿಯೊಳಗ ಪದದೊಳಗಿನ ಒತ್ತು ಇಲ್ಲ, ಕಲಿಸೋದು ಕಷ್ಟ ಅಂತ ಕೈಬಿಟ್ಟಾರ. ನರ್ಸಿಂಗ್ ಹುಡುಗರಿಗೆ ಅದನ್ನ ಬಿಡಬ್ಯಾಡ್ರಿ. 'ಕ್ಯಾಥಿಟರ್' ಅನ್ನೋದನ್ನ 'ಕೆಥೀಟರ್' ಅಂತ ನಡುವ ಒತ್ತಿದ್ರ, ಸದ್ದೆಲ್ಲಾ ಸರಿ ಇದ್ರೂ ಇಂಗ್ಲಿಷರ ಕಿವಿಗೆ ಅದು ಬ್ಯಾರೆ ಪದ.

ಪೂರಾ ನಿಯಮ ಕಲಿಸಬೇಕಂತಿಲ್ಲ. '-ಶನ್', '-ಇಕ್', '-ಇಟಿ' ಅಂತ ಮುಗಿಯೋ ಪದಕ್ಕ ಅದರ ಹಿಂದಿನ ಅಕ್ಷರದ ಮ್ಯಾಲೆ ಒತ್ತು: ಇನ್‌-ಫೆಕ್‌-ಶನ್ ಒಳಗ 'ಫೆಕ್', ಅಲರ್ಜಿಕ್ ಒಳಗ 'ಲರ್', ಒಬೀಸಿಟಿ ಒಳಗ 'ಬೀ'. ಅಪವಾದ ಭಾಳ ಕಮ್ಮಿ. ಎರಡೂ ಕೈಯಾಗ ರಬ್ಬರ್ ಬ್ಯಾಂಡ್ ಹಿಡಿಸಿ, ಒತ್ತಿನ ಅಕ್ಷರಕ್ಕಷ್ಟೇ ಜಗ್ಗಸ್ರಿ. ಒತ್ತು ಅಂದ್ರ ಜೋರಾಗಿ ಒದರೋದಲ್ಲ, ಎಳೆಯೋದು ಅನ್ನೋದು ಆವಾಗ ಕೈಗೇ ತಿಳೀತದ.

ಇನ್ನ ಅಂಕಿ. 'ಫಿಫ್‌ಟೀನ್' ಮತ್ತು 'ಫಿಫ್ಟಿ'. ಒಂಟಿಯಾಗಿ ಹೇಳಿದ್ರ ಒತ್ತು ಬ್ಯಾರೆ ಬ್ಯಾರೆ ಕಡೆ ಬೀಳತದ, ಗೊತ್ತಾಗತದ. ಆದ್ರ 'ಫಿಫ್‌ಟೀನ್ ಮಿಲಿಗ್ರಾಮ್ಸ್' ಅಂದ್ರ ಒತ್ತು ಮುಂದಿನ 'ಫಿಫ್'ಗೆ ಜಿಗೀತದ, ಕಡೀ 'ನ್' ಹೋಗಿ 'ಮಿ' ಒಳಗ ಕರಗತದ. ಅಲ್ಲಿಗೆ ಎರಡೂ ಹತ್ತಿರ ಹತ್ತಿರ ಒಂದೇ. 15 ಕೊಡೋ ಕಡೆ 50 ಕೊಟ್ರ ಏನಾಗತದ ಅಂತ ನರ್ಸಿಂಗ್‌ನವರಿಗೆ ನಾ ಹೇಳಬೇಕಾಗಿಲ್ಲ. ಇಲ್ಲಿ ಉಚ್ಚಾರ ತಿದ್ದಿಕೋತ ಕೂಡಬ್ಯಾಡ್ರಿ, ರೂಢಿ ಹಾಕಸ್ರಿ: 'ಫಿಫ್‌ಟೀನ್, ಒನ್ ಫೈವ್'. ಕೇಳಿದಾಕಿ ವಾಪಸ್ 'ಒನ್ ಫೈವ್' ಅನಬೇಕು, ಆಮ್ಯಾಲೆ ಬರೀಬೇಕು.

ತುಂಗಾತೀರ

ಒತ್ತಿನ ವಿಷಯ ಇಬ್ಬರದ್ದೂ ಬರೆದುಕೊಂಡೆ. ಇನ್ನೊಂದು: ಜೋಡಿ ಮಾಡಿ ಮಾತಾಡಿಸಿದರೆ ಎಲ್ಲರಿಗೂ ಎಲ್ಲ ಅರ್ಥವಾಗಿಬಿಡುತ್ತೆ. ಕಲಿತರೋ ಇಲ್ಲವೋ ಅಂತ ಅಳೆಯೋದು ಹೇಗೆ?

ಧ್ವನಿಪೆಟ್ಟಿಗೆ

ಕನ್ನಡದವರಿಬ್ಬರನ್ನು ಎದುರುಬದುರು ಕೂರಿಸಿದರೆ ಹಾಗೇ ಆಗೋದು. 'ಯಿಯರ್' ಅಂದರೂ ಎದುರಿನವಳು ಕಿವಿಯನ್ನೇ ಮುಟ್ಟಿಕೊಳ್ತಾಳೆ. ತಪ್ಪು ಇಬ್ಬರಿಗೂ ಒಂದೇ ಆದ್ದರಿಂದ ತಪ್ಪಾಗಿ ಕಾಣೋದೇ ಇಲ್ಲ, ಇನ್ನಷ್ಟು ಗಟ್ಟಿಯಾಗುತ್ತೆ. ನಿಮ್ಮ ಆರು ಮಲಯಾಳಿಗಳನ್ನು ಒಟ್ಟಿಗೆ ಬಿಡಬೇಡಿ. ನಾಲ್ವರ ಆರು ಗುಂಪು ಮಾಡಿ ಒಬ್ಬೊಬ್ಬರನ್ನು ಹಂಚಿ, ಕೇಳಿ ಬರೆಯೋ ಕೆಲಸ ಅವರಿಗೆ ಕೊಡಿ. ಅವರು ಹೇಳಿ ಇವರು ಬರೆಯೋದೂ ಆಗಲಿ, ಕಿವಿಗೂ ಪಾಠ.

ಮೊಬೈಲಿನ ವಾಯ್ಸ್ ಟೈಪಿಂಗ್ ಬಳಸಬಹುದು. ಆದರೆ ಇಡೀ ವಾಕ್ಯ ಹೇಳಿದರೆ ಅದು ಸಂದರ್ಭ ನೋಡಿ ಊಹಿಸಿ ಸರಿಯಾಗಿಯೇ ಬರೆದುಬಿಡುತ್ತೆ. ಒಂಟಿ ಪದ ಕೊಡಿ: ಪಿಲ್, ಬಿಲ್, ಕೋಟ್, ಗೋಟ್. ಭಾಷೆ 'ಇಂಗ್ಲಿಷ್ (ಇಂಡಿಯಾ)' ಇದ್ದರೆ ಬದಲಿಸಿ, ಅದು ನಮ್ಮ ಉಚ್ಚಾರಣೆಗೆ ಒಗ್ಗಿಕೊಂಡಿರುತ್ತೆ.

ವಾರ್ಡ್ ಸಿಸ್ಟರ್

ಉಚ್ಚಾರಣೆ ಸರಿ ಇದ್ದೂ ಎಡವೋ ಜಾಗ ಒಂದಿದೆ, ಅದನ್ನು ಬಿಟ್ಟಿದ್ದೀರಿ: ಹೌದು-ಇಲ್ಲ. 'ನೋವಿಲ್ವಾ?' ಅಂತ ಕೇಳಿದರೆ ನಾವು 'ಹೌದು, ಇಲ್ಲ' ಅಂತೀವಿ. 'ಯು ಡೋಂಟ್ ಹ್ಯಾವ್ ಪೇನ್?' ಅನ್ನೋದಕ್ಕೆ ನಮ್ಮ ಹುಡುಗಿ 'ಯೆಸ್' ಅಂದರೆ ಅವಳ ಲೆಕ್ಕದಲ್ಲಿ ನೋವಿಲ್ಲ. ಇಂಗ್ಲಿಷ್ ತಾಯ್ನುಡಿಯವರು ನೋವಿಲ್ಲದಿದ್ದರೆ 'ನೋ' ಅನ್ನೋದು. ರೋಗಿಯನ್ನು 'ಇಲ್ಲ' ಹಾಕಿ ಕೇಳಲೇಬೇಡಿ ಅಂತ ಮೊದಲ ದಿನವೇ ಹೇಳಿ. 'ಹ್ಯಾವ್ ಯು ಗಾಟ್ ಎನಿ ಪೇನ್?' ಅಂತ ನೇರವಾಗಿ ಕೇಳಿ, ಉತ್ತರವನ್ನು ಪೂರ್ತಿ ವಾಕ್ಯದಲ್ಲಿ ತಗೊಳ್ಳಲಿ. ತಲೆ ಆಡಿಸೋದನ್ನು ಲೆಕ್ಕಕ್ಕೇ ಹಿಡಿಯಬಾರದು.

ಪದಗಳಲ್ಲೂ ಸ್ವಲ್ಪ ಕೆಲಸ ಇದೆ. 'ಲೂಸ್ ಮೋಷನ್', 'ಗಿಡ್ಡಿನೆಸ್', 'ಎಕ್ಸ್‌ಪೈರ್ಡ್', 'ಐ ಹ್ಯಾವ್ ಎ ಡೌಟ್' ಇವೆಲ್ಲ ಇಲ್ಲಿಯ ಆಸ್ಪತ್ರೆಯಲ್ಲಿ ಚೆನ್ನಾಗೇ ನಡೆಯುತ್ತವೆ. ತಪ್ಪು ಇಂಗ್ಲಿಷ್ ಅಂತ ಮಕ್ಕಳನ್ನು ಹೀಯಾಳಿಸಬೇಡಿ. ಅಲ್ಲಿಗೆ ಡಯೇರಿಯಾ, ಡಿಜಿ, ಡೈಡ್, ಕ್ವೆಶ್ಚನ್ ಅಂತ ಬದಲಿಸಿಕೊಂಡರೆ ಮುಗೀತು. 'ಪಾಸ್ ಔಟ್' ಮಾತ್ರ ಜೋಪಾನ. 'ಐ ಪಾಸ್ಡ್ ಔಟ್ ಇನ್ 2024' ಅಂದರೆ ಅಲ್ಲಿಯವರಿಗೆ ಮೂರ್ಛೆ ಹೋದ ಕಥೆ. ಅಲ್ಲಿನ ವಯಸ್ಸಾದವರು 'ಸ್ಪೆಂಡ್ ಎ ಪೆನ್ನಿ' ಅಂದರೆ ಚಿಲ್ಲರೆ ಕೇಳ್ತಿಲ್ಲ, ಮೂತ್ರಕ್ಕೆ ಹೋಗಬೇಕು ಅಂತ. ಇಂಥವನ್ನು ಅರ್ಥ ಮಾಡಿಕೊಂಡರೆ ಸಾಕು, ಬಳಸಬೇಕಾಗಿಲ್ಲ.

ಒಇಟಿ ಸ್ಪೀಕಿಂಗ್‌ನಲ್ಲಿ ಎರಡು ರೋಲ್‌ಪ್ಲೇ, ಒಂದೊಂದು ಸುಮಾರು ಐದು ನಿಮಿಷ. ಕಡೇ ಎರಡು ವಾರ ಪ್ರತಿ ಪೀರಿಯಡ್‌ನಲ್ಲಿ ಅದನ್ನೇ ಆಡಿಸಿ. ರೋಗಿಯ ಪಾತ್ರದವರ ಚೀಟಿಯಲ್ಲಿ ಒಂದು ಕೆಲಸ ಗುಟ್ಟಾಗಿ ಬರೆದಿಡಿ: ಎರಡು ಸಲ ಅರ್ಥವಾಗದ ಹಾಗೆ ಮಾಡಬೇಕು ಅಂತ. ಆಗ ನರ್ಸ್ ಪಾತ್ರದವರು ಅದೇ ವಾಕ್ಯವನ್ನು ದನಿ ಏರಿಸಿ ಮತ್ತೆ ಹೇಳಿದರೆ ನಂಬರ್ ಇಲ್ಲ, ಬೇರೆ ಪದಗಳಲ್ಲಿ ತಿರುಗಿಸಿ ಹೇಳಿದರೆ ನಂಬರ್ ಇದೆ.