ಹೊಲದ ದಾರಿ ಮ್ಯಾಲ ರೋಡ್ ಬೈಕ್: ಟೈರ್ ಎಷ್ಟು, ಗಾಳಿ ಎಷ್ಟು?

ಕಾಗಿಣಾ ದಂಡಿ:
ಕಲಬುರಗಿ ಸುತ್ತಲಿನ ಹೊಲದ ದಾರಿ, ಬಂಡಿ ದಾರಿಗೆ ರೋಡ್ ಬೈಕ್ (ಡಾಂಬರ್ ರಸ್ತೆಗೆ ಮಾಡಿದ ಸಣ್ಣ ಟೈರಿನ ಸೈಕಲ್) ಒಯ್ಯಬೇಕಂತ ಅದ. ಅಲ್ಯೂಮಿನಿಯಂ ಫ್ರೇಮ್, ರಿಮ್ ಬ್ರೇಕ್ (ಗಾಲಿ ಅಂಚು ಹಿಡಿಯೋ ಬ್ರೇಕ್), 700x25 ಟೈರ್ (ಅಗಲ 25 ಎಂಎಂ), ಗಾಳಿ ಒತ್ತಡ 100 ಪಿಎಸ್‌ಐ, ನನ್ನ ತೂಕ 70 ಕೆಜಿ. ಕಡಿ ಮ್ಯಾಲ ಕೈ ಜೋಮು ಹಿಡೀತದ, ಪಂಚರ್ ಬ್ಯಾರೆ. ಹೊಸ ಗಾಡಿ ತಗೊಳ್ಳದೇ ಏನು ಬದಲಿ ಮಾಡಬಹುದು?

ಬೀದರ್ ಸವಾರ:
ಮೊದಲು ಪಂಚರ್ ಆದ ಟ್ಯೂಬ್ ನೋಡ್ರಿ. ಪಕ್ಕಪಕ್ಕದಾಗ ಎರಡು ಸೀಳು ಇದ್ರ, ಕಲ್ಲಿಗೂ ರಿಮ್ ಅಂಚಿಗೂ ನಡುವ ಟ್ಯೂಬ್ ಸಿಕ್ಕು ಹರಿದದ. ಗಾಳಿ ಕಮ್ಮಿ ಇದ್ದಾಗ ಹಿಂಗಾಗ್ತದ. ಹೊರಗಿನ ಕಡೆ ಒಂದೇ ಸಣ್ಣ ತೂತು ಇದ್ರ ಜಾಲಿ ಮುಳ್ಳು ಇಲ್ಲಾ ನೆಗ್ಗಿಲು. ಸ್ಪೋಕ್ ಕಡೆ ತೂತು ಇದ್ರ ರಿಮ್ ಟೇಪ್ (ಸ್ಪೋಕ್ ತುದಿ ಮುಚ್ಚೋ ಪಟ್ಟಿ) ಸರಿದದ. 100 ಗಾಳಿಯೊಳಗ ಎರಡು ಸೀಳು ಅಪರೂಪ, ಹಂಗಾಗಿ ನಿಮ್ಮದು ಮುಳ್ಳೇ ಇರಬೇಕು. ಟೈರಿನ ಒಳಗ ಬೆರಳಿನಿಂದ ಮೆಲ್ಲಗ ತಡವಿ, ಮುರಿದು ಉಳಿದ ಮುಳ್ಳಿನ ತುದಿ ತೆಗೀದೇ ಹೊಸ ಟ್ಯೂಬ್ ಹಾಕಬ್ಯಾಡ್ರಿ.

ಕೈ ಜೋಮಿಗೆ ಮದ್ದು ಅಗಲ ಟೈರ್. ಎರಡೂ ಕಡೆ 28 ಎಂಎಂ ಹಾಕಿ, ಮುಂದ 65, ಹಿಂದ 72 ಪಿಎಸ್‌ಐದಿಂದ ಶುರು ಮಾಡ್ರಿ, ಆಮ್ಯಾಲ ಮೂರು-ನಾಲ್ಕು ಪಿಎಸ್‌ಐ ಹೆಚ್ಚು ಕಮ್ಮಿ ಮಾಡಿ ನೋಡ್ರಿ. 25 ಟೈರ್‌ನ್ಯಾಗ ಕಲ್ಲಿನ ದಾರಿಗೆ 80ರ ಕೆಳಗ ಇಳೀಬ್ಯಾಡ್ರಿ. ಟೈರಿನ ಪಕ್ಕಕ್ಕ ಬರೆದ ಮಿತಿ ದಾಟಬಾರದು.

28 ಕೂಡ್ತದೋ ಇಲ್ಲೋ ಅಂತ ತಿಳಿಯೋದು ಸುಲಭ. ಟೈರ್ ಹಾಕಿ ಗಾಳಿ ತುಂಬಿ, ಬ್ರೇಕ್ ಕೆಳಗ, ಮುಂದ ಗಾಲಿ ಹಿಡಿಯೋ ಫೋರ್ಕ್ ಒಳಗ, ಹಿಂದ ಚೈನ್‌ಸ್ಟೇ (ಪೆಡಲ್‌ನಿಂದ ಹಿಂದಿನ ಗಾಲಿಗೆ ಹೋಗೋ ಫ್ರೇಮ್ ಪೈಪ್) ನಡುವ 4 ಎಂಎಂ ಅಲೆನ್ ಕೀ ತೂರಿಸ್ರಿ. ಅಡ್ಡಿ ಇಲ್ದೇ ಹೋಗಬೇಕು. ಅಗಲ ರಿಮ್ ಮ್ಯಾಲ 28 ಅಂದದ್ದು 30 ಆಗಿ ಉಬ್ಬೋದೂ ಅದ. ಹಿಂದ ಜಾಗ ಸಾಲದಿದ್ರ ಮುಂದಷ್ಟೇ 28 ಹಾಕ್ರಿ, ಕೈಗೆ ಆರಾಮ ಕೊಡೋದು ಅದೇ.

ಮುರುಮ್ ದಾರಿ:
ಅಣ್ಣ ಹೇಳಿದ್ದು ಸರಿ, ಆದ್ರ ಮಣ್ಣಿನ ಮಾತು ಬಿಟ್ಟಾರ. ಬೀದರ್ ಕಡೆ ಕೆಂಪು ಮುರುಮ್ (ಗರಸು ಮಣ್ಣು) ನೀರು ಇಂಗಿಸ್ತದ, ಮಳಿ ನಿಂತ ಸ್ವಲ್ಪ ಹೊತ್ತಿಗೇ ಗಾಡಿ ಓಡಸಬಹುದು. ನಿಮ್ಮ ಕಡೆ ಎರೆ ಮಣ್ಣು ಹಸಿ ಇದ್ದಾಗ ರೋಡ್ ಬೈಕ್ ಒಯ್ಯಲೇಬ್ಯಾಡ್ರಿ, 28 ಇದ್ರೂ ಅಷ್ಟೇ, 25 ಇದ್ರೂ ಅಷ್ಟೇ. ಮಣ್ಣು ಟೈರಿಗೆ ಮೆತ್ತಿ, ಬ್ರೇಕ್ ಕೆಳಗ ತುಂಬಿ ಗಾಲಿ ನಿಂತುಬಿಡ್ತದ. ಆಗ ಜೋರ್ ಮಾಡಿ ಪೆಡಲ್ ತುಳಿದ್ರ ಡಿರೇಲರ್ (ಗಿಯರ್ ಬದಲಿಸೋ ಭಾಗ) ತಿರುಚಿ, ಅದನ್ನ ಫ್ರೇಮಿಗೆ ಹಿಡಿಯೋ ಹ್ಯಾಂಗರ್ ಮುರೀತದ. ಇಳಿದು ಹೆಗಲ ಮ್ಯಾಲ ಹೊತ್ತು ಡಾಂಬರಿಗೆ ಬರ್ರಿ.

ಬ್ಯಾಸಗ್ಯಾಗ ಅದೇ ಎರೆ ಬಿರಿತದ. ಬಿರುಕಿನ ಗುಂಟ ಹೋದ್ರ ಸಣ್ಣ ಟೈರ್ ಒಳಗ ಇಳೀತದ, ಅಡ್ಡ ದಾಟ್ರಿ. ಇನ್ನೊಂದು, ತೊಗರಿ ಕೊಯ್ದ ಮ್ಯಾಲ ಉಳಿದ ಕೂಳಿ ಓರೆಯಾಗಿ ಚೂಪಾಗಿರ್ತದ, ಟೈರಿನ ಪಕ್ಕ ಸೀಳ್ತದ. ಹೊಲದೊಳಗ ಅಡ್ಡ ಹಾಯಬ್ಯಾಡ್ರಿ. ಹಳೇ ಟೈರಿನಿಂದ ಎರಡು ಬೆರಳಗಲದ ತುಂಡು ಕತ್ತರಿಸಿ ಚೀಲದಾಗ ಇಡ್ರಿ. ಸೀಳಿದ ಜಾಗಕ್ಕ ಒಳಗಿಂದ ಅದನ್ನ ಇಟ್ಟು ಟ್ಯೂಬ್ ಹಾಕಿದ್ರ ಮನಿ ಮುಟ್ಟಬಹುದು.

ಕಾಗಿಣಾ ದಂಡಿ:
ದಾರ್‍ಯಾಗ ಪಂಚರ್ ಅಂಗಡಿ ನಂಬಬಹುದಾ?

ಬೀದರ್ ಸವಾರ:
ರೋಡ್ ಬೈಕಿನ ಸಣ್ಣ ಪ್ರೆಸ್ಟಾ ವಾಲ್ವ್‌ಗೆ (ಗಾಳಿ ತುಂಬೋ ಬಾಯಿ) ಅವರ ಪೈಪ್ ಕೂಡಂಗಿಲ್ರಿ. ಹಿತ್ತಾಳಿ ಅಡಾಪ್ಟರ್ ಒಂದು ಇಟ್ಕೊಳ್ರಿ. ಅಂಗಡಿ ಕಂಪ್ರೆಸರ್ ಸಣ್ಣ ಟ್ಯೂಬಿಗೆ ಕಣ್ಣು ಮುಚ್ಚಿ ತೆಗಿಯೋದ್ರಾಗ ತುಂಬಿಬಿಡ್ತದ, ಅದಕ್ಕ ಸ್ವಲ್ಪ ಸ್ವಲ್ಪ ಬಿಡಸ್ರಿ. ಎರಡು ಟ್ಯೂಬ್, ಕೈಪಂಪು, ಟೈರ್ ಲಿವರ್ ಮಾತ್ರ ನಿಮ್ಮ ಹಂತೇಕೇ ಇರಲಿ.